800ಕ್ಕೆ ಝೆನ್ ಎಂಜಿನ್ ಹಾಕಿಸಲಾ?

ಮೆಕ್ಯಾನಿಕಲ್ ಹುಡುಗರ ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದರ ನಂತರ ನಡೆಯುವ ಚರ್ಚೆಗಳು ಎರಡೇ ಬಗೆಯವು. ಒಂದು ಪ್ಲೇಸ್‌ಮೆಂಟ್, ಇನ್ನೊಂದು ಎಂಜಿನ್ ಬದಲಾವಣೆ. ಮೊದಲನೆಯದರಲ್ಲಿ ಎಲ್ಲರೂ ಸಪ್ಪೆ. ಎರಡನೆಯದರಲ್ಲಿ ಎಲ್ಲರೂ ಹುಲಿಗಳು. ಮಾರುತಿ 800ಕ್ಕೆ ಝೆನ್ ಎಂಜಿನ್ ಕೂರಿಸಿದರೆ ಹೇಗೆ ಹಾರುತ್ತೆ ಗೊತ್ತಾ ಅಂತ ಒಬ್ಬ ಶುರು ಮಾಡಿದರೆ ಸಾಕು, ಮಾರನೇ ದಿನದ ಇಂಟರ್ನಲ್ಸ್ ಕೂಡ ಮರೆತುಹೋಗುತ್ತದೆ. ಇಲ್ಲಿಯವರೆಗೆ ಅದು ನನಗೂ ಬರೀ ಮಾತಿನ ಮೋಜಾಗಿತ್ತು. ಈ ವರ್ಷ ಮೆಣಸು ಮಾರಿದ ಮೇಲೆ ಅಪ್ಪ ಫೋನ್ ಮಾಡಿ, ‘ಎಪ್ಪತ್ತೈದು ಸಾವಿರ ಎತ್ತಿಟ್ಟಿದ್ದೀನಿ. ಕಾರಿಗೆ ಹಾಕೋದಾ, ನಿನ್ನ ಲ್ಯಾಪ್‌ಟಾಪ್‌ಗೆ ಹಾಕೋದಾ? ಎಂಜಿನಿಯರಿಂಗ್ ಓದ್ತಿರೋನು ನೀನು, ನೀನೇ ಹೇಳು’ ಅಂದರು. ಆಗ ಅದು ಮೋಜಾಗಿ ಉಳಿಯಲಿಲ್ಲ.

ನಮ್ಮ ಕಾರು 2003ರ ಮಾರುತಿ 800. ಊರು ಸಕಲೇಶಪುರದ ಹತ್ತಿರ. ಅಜ್ಜಿಯನ್ನು ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ತೋರಿಸಬೇಕು. ಹೋಗುವಾಗ ಶಿರಾಡಿ ಘಾಟಿ ಇಳಿಯುವುದು, ಬರುವಾಗ ಹತ್ತುವುದು. ಹತ್ತುವಾಗಲೇ ಸಮಸ್ಯೆ. ನಾಲ್ಕು ಜನ ಕೂತರೆ ಎರಡನೇ ಗೇರಿನಲ್ಲೂ ಏದುಸಿರು, ಎಸಿ ಹಾಕುವ ಮಾತೇ ಇಲ್ಲ, ಹಿಂದಿನ ಲಾರಿಯವನ ಹಾರ್ನ್ ಬೇರೆ. ಅಜ್ಜಿ ಪಾಪ, ‘ನಾನೇ ಭಾರ ಆದ್ನೇನೋ’ ಅನ್ನುತ್ತಾಳೆ. ಅವಳ ತೂಕ 41 ಕೆ.ಜಿ.!

ನಮ್ಮ ಹುಲಿಗಳ ಸಲಹೆ ಸರಳ. 800ರ ಎಂಜಿನ್ 796 ಸಿಸಿ, ಮೂರು ಸಿಲಿಂಡರ್, 37 ಅಶ್ವಶಕ್ತಿ. ಹಳೇ ಝೆನ್‌ನದು 993 ಸಿಸಿ, ನಾಲ್ಕು ಸಿಲಿಂಡರ್, 50 ಅಶ್ವಶಕ್ತಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಎಂಜಿನ್ ಸಿಗುತ್ತದೆ, ಕೂರಿಸುವ ಗ್ಯಾರೇಜ್ ಕೂಡ ಗೊತ್ತು, ಎಲ್ಲ ಸೇರಿ 70 ಸಾವಿರ. ಅಂದರೆ ಅಪ್ಪನ ದುಡ್ಡಿಗೆ ಸರಿಯಾಗಿ ಅಳತೆ ಕೊಟ್ಟು ಹೊಲಿಸಿದಂಥ ಲೆಕ್ಕ. ನಮ್ಮ ಕಾರನ್ನು ಮಾರಿದರೂ ಅಷ್ಟು ಬರುವುದಿಲ್ಲ ಅನ್ನುವುದು ಬೇರೆ ಮಾತು.

ಪೆನ್ನು ಹಿಡಿದು ಕೂತೆ. ಸೆಮಿಸ್ಟರ್‌ಗಟ್ಟಲೆ ಓದಿದ್ದು ಒಮ್ಮೆಯಾದರೂ ಮನೆಗೆ ಉಪಯೋಗಕ್ಕೆ ಬರಲಿ ಅಂತ. 800ರ ತೂಕ ಸುಮಾರು 650 ಕೆ.ಜಿ. ಜನ, ಚೀಲ ಎಲ್ಲ ಸೇರಿ 950 ಅಂತ ಇಟ್ಟುಕೊಳ್ಳಿ. 12 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರುವ ರಸ್ತೆ, ವೇಗ ಗಂಟೆಗೆ 40 ಕಿ.ಮೀ. ಈ ಭಾರವನ್ನು ಆ ವೇಗದಲ್ಲಿ ಮೇಲೆತ್ತಲು ಬೇಕಾದದ್ದು ಹನ್ನೊಂದೂವರೆ ಅಶ್ವಶಕ್ತಿಯ ಆಸುಪಾಸು. ಟೈರ್ ಉರುಳುವಾಗಿನ ತಡೆ, ಗಾಳಿಯ ತಡೆ, ಗೇರ್‌ಬಾಕ್ಸ್‌ನಲ್ಲಿ ಸೋರುವುದು ಎಲ್ಲ ಸೇರಿಸಿದರೂ 17 ದಾಟುವುದಿಲ್ಲ.

ಎರಡು ಸಲ ಲೆಕ್ಕ ಮಾಡಿದೆ. ಉತ್ತರ ಅದೇ. ಕಾರಿನಲ್ಲಿರುವುದು 37, ಬೇಕಾಗಿರುವುದು 17! ಪೂರ್ತಿ 37 ಸಿಗುವುದು 5000 ಆರ್‌ಪಿಎಂನಲ್ಲಿ ಮಾತ್ರ, ಅದಕ್ಕಿಂತ ಕೆಳಗೆ ಕಡಿಮೆ ಅನ್ನುವುದು ನಿಜ. ಆದರೂ ಸರಿಯಾದ ಗೇರಿನಲ್ಲಿದ್ದರೆ ಇಷ್ಟು ಕೊಡಲೇಬೇಕು. 1983ರ ಡಿಸೆಂಬರ್‌ನಲ್ಲಿ ಶುರುವಾಗಿ 2014ರ ಜನವರಿಯವರೆಗೆ ತಯಾರಾದ ಕಾರಿದು. ಮೂರು ದಶಕ ಈ ದೇಶದ ಘಾಟಿಗಳನ್ನೆಲ್ಲ ಸಂಸಾರ ಸಮೇತ ಹತ್ತಿದ ಕಾರು ನಮ್ಮ ಮನೆಯಲ್ಲಿ ಮಾತ್ರ ಏಕೆ ಏದುಸಿರು ಬಿಡುತ್ತದೆ? ಹಾಗಾದರೆ ಕೇಳಬೇಕಾದ ಪ್ರಶ್ನೆ ‘13 ಅಶ್ವಶಕ್ತಿ ಎಲ್ಲಿಂದ ತರೋದು’ ಅಂತಲ್ಲ, ‘ಇದ್ದದ್ದು ಎಲ್ಲಿ ಹೋಯಿತು’ ಅಂತ.

ಹಾಗಂತ ಝೆನ್ ಎಂಜಿನ್‌ನಿಂದ ಉಪಯೋಗವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಏರಿನಲ್ಲಿ ಹೆಚ್ಚುವರಿ ಬಲ ನೇರವಾಗಿ ಕೆಲಸಕ್ಕೆ ಬರುತ್ತದೆ. ಸಮತಟ್ಟು ರಸ್ತೆಯ ಕಥೆ ಬೇರೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಏರುವುದರಿಂದ, ಶೇ 35ರಷ್ಟು ಬಲ ಹೆಚ್ಚಿಸಿದರೂ ಗರಿಷ್ಠ ವೇಗ ಹೆಚ್ಚುವುದು ಶೇ 10ರಷ್ಟು. ರೀಲ್ಸ್‌ನಲ್ಲಿ ಈ ಲೆಕ್ಕ ಯಾರೂ ಹೇಳುವುದಿಲ್ಲ. ಅಲ್ಲಿ ಸೈಲೆನ್ಸರ್ ಸದ್ದೇ ಲೆಕ್ಕ.

ಬಲ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಮಾರುತಿಯದೇ ಒಳ್ಳೆಯ ಉದಾಹರಣೆಯಿದೆ. 2000ದಲ್ಲಿ ಬಂದ ಆಲ್ಟೊದ್ದೂ 796 ಸಿಸಿ ಎಂಜಿನ್ನೇ. ಆದರೆ ನಮ್ಮ 800ರಲ್ಲಿ ಸಿಲಿಂಡರಿಗೆ ಎರಡು ವಾಲ್ವ್, ಅದರಲ್ಲಿ ನಾಲ್ಕು. ಅಷ್ಟಕ್ಕೇ 45ರ ಆಚೆ ಅಶ್ವಶಕ್ತಿ. ಹೊಟ್ಟೆ ಅಷ್ಟೇ, ಉಸಿರಾಟ ಚೆನ್ನಾಗಿದೆ. ಎಂಜಿನ್ ಅಂದರೆ ಗಾಳಿ ಎಳೆದು ಬಿಡುವ ಪಂಪು. ಉಸಿರು ಸೋರಿದರೆ ಬಲವೂ ಸೋರಿತು.

ಇನ್ನು ಬದಲಾಯಿಸುವ ಕೆಲಸಕ್ಕೆ ಬನ್ನಿ. ‘ಎಂಜಿನ್ ಕೂರಿಸೋದು’ ಅನ್ನುವುದು ಎರಡೇ ಪದ. ಆದರೆ ಎಂಜಿನ್ ಜೊತೆ ಮೌಂಟಿಂಗ್ ಬದಲಾಗಬೇಕು, ಗೇರ್‌ಬಾಕ್ಸ್, ಕ್ಲಚ್, ಡ್ರೈವ್ ಶಾಫ್ಟ್, ರೇಡಿಯೇಟರ್, ಇಸಿಯು, ವೈರಿಂಗ್. 70 ಸಾವಿರ ಎಲ್ಲಿ ಮುಗಿಯುತ್ತದೆ? ಇಷ್ಟಾದ ಮೇಲೂ ಬ್ರೇಕ್ ಮಾತ್ರ ಹಳೆಯದೇ. 60ರ ವೇಗದಲ್ಲಿದ್ದ ಕಾರನ್ನು ನಿಲ್ಲಿಸುವುದಕ್ಕಿಂತ 80ರಲ್ಲಿದ್ದುದನ್ನು ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಾಖ ಶೇ 78ರಷ್ಟು ಹೆಚ್ಚು. 800ರ ಚಕ್ರ 12 ಇಂಚಿನದು. ಅದರೊಳಗೆ ದೊಡ್ಡ ಡಿಸ್ಕ್ ತೂರಿಸಲು ಜಾಗವೆಲ್ಲಿ? ಹತ್ತುವಾಗ ಹುಲಿಯಾಗುವ ಕಾರು ಇಳಿಯುವಾಗಲೂ ಹುಲಿಯೇ ಆದರೆ ಹಿಂದಿನ ಸೀಟಿನಲ್ಲಿರುವ ಅಜ್ಜಿಯ ಗತಿ?

ಕಾನೂನಿನ ಬಗ್ಗೆ ಹಾಸ್ಟೆಲ್‌ನಲ್ಲಿ ಯಾರೂ ಮಾತಾಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರ ಅಕ್ರಮ ಮಾರ್ಪಾಡಿಗೆ ತಲಾ 5 ಸಾವಿರ ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಎಂಜಿನ್ ಕೆಟ್ಟರೆ ಅದೇ ಮಾದರಿಯ ಎಂಜಿನ್ ಹಾಕಿಸಿ ಆರ್‌ಟಿಒದಲ್ಲಿ ಆರ್‌ಸಿಗೆ ಬರೆಸಿಕೊಳ್ಳುವ ದಾರಿಯಿದೆ. ಅನುಮೋದಿತ ಕಿಟ್ ಇದ್ದರೆ ಸಿಎನ್‌ಜಿಗೂ ಬದಲಾಗಬಹುದು. ಆದರೆ 800ರ ಆರ್‌ಸಿ ಇಟ್ಟುಕೊಂಡು ಬಾನೆಟ್‌ನೊಳಗೆ ಝೆನ್ ಸಾಕುವುದಕ್ಕೆ ದಾರಿಯಿಲ್ಲ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ನಾವೇ ಪುರಾವೆ ಕೊಟ್ಟಂತೆ. ಗುಜರಿ ಎಂಜಿನ್ ಯಾವ ಕಾರಿನಿಂದ ಬಂತು, ಆ ಕಾರು ಯಾರದು ಅನ್ನುವುದಕ್ಕೆ ಬಿಲ್ ಇಲ್ಲದಿದ್ದರೆ ಆ ತಲೆನೋವು ಬೇರೆಯೇ.

ಎಂಜಿನ್ ಹುಚ್ಚು ತಪ್ಪು ಅಂತ ನಾನು ಹೇಳುತ್ತಿಲ್ಲ. ನನಗೂ ಇದೆ. ಅದಕ್ಕೆ ಕೊಯಮತ್ತೂರಿನ ಕರಿ ಟ್ರ್ಯಾಕ್ ಇದೆ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ರ‍್ಯಾಲಿಗಳಿವೆ. ನಮ್ಮಂಥ ವಿದ್ಯಾರ್ಥಿಗಳಿಗೆ ಬಾಹಾ ಸ್ಪರ್ಧೆಯಿದೆ. ಅದರ ಪೆಟ್ರೋಲ್ ವಿಭಾಗದ ಮಜಾ ಏನು ಗೊತ್ತೇ? ಎಲ್ಲ ತಂಡಗಳಿಗೂ ಒಂದೇ ಬಗೆಯ 10 ಅಶ್ವಶಕ್ತಿಯ ಎಂಜಿನ್. ಅದನ್ನು ಬಿಚ್ಚಿ ಬಲ ಹೆಚ್ಚಿಸುವಂತಿಲ್ಲ. ಗೆಲ್ಲಬೇಕಾದರೆ ತೂಕ ಇಳಿಸಿ, ಗೇರ್ ಅನುಪಾತ ಸರಿಯಾಗಿ ಹಾಕಿ. ಇಂಟರ್‌ವ್ಯೂನಲ್ಲಿ ಹೇಳಿಕೊಳ್ಳಲು ಗುಜರಿ ಎಂಜಿನ್‌ಗಿಂತ ಇದು ವಾಸಿ.

ರಜೆಯಲ್ಲಿ ಊರಿಗೆ ಹೋದವನು ಮೇಸ್ತ್ರಿಯನ್ನು ಕರೆದುಕೊಂಡು ಹುಡುಕಲು ಶುರು ಮಾಡಿದೆ. ಮೊದಲು ಪುಕ್ಕಟೆ ಕೆಲಸಗಳು. ಟೈರಿನ ಗಾಳಿ ನೋಡಿದ್ದಾಯಿತು. ಜಾಕ್ ಕೊಟ್ಟು ಚಕ್ರ ತಿರುಗಿಸಿದರೆ ಹಿಂದಿನ ಎಡಗಡೆಯದು ಕೈಗೆ ಬಿಗಿ, ಅಂದರೆ ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ. ಏರ್ ಫಿಲ್ಟರ್ ತೆಗೆದರೆ ತೋಟದ ಧೂಳೆಲ್ಲ ಅಲ್ಲೇ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ ಕಂಪ್ರೆಷನ್ ನೋಡಿದೆವು. ಮೊದಲನೆಯದು 165, ಎರಡನೆಯದು 160. ಮೂರನೆಯದಕ್ಕೆ ಮುಳ್ಳು 115ರಲ್ಲೇ ನಿಂತಿತು. ಮೇಸ್ತ್ರಿ ಮಾತಾಡದೆ ಒಂದು ಚಮಚ ಎಂಜಿನ್ ಆಯಿಲ್ ಆ ಸಿಲಿಂಡರಿಗೆ ಸುರಿದು ಮತ್ತೆ ನೋಡಿ ಅಂದರು. ಪಿಸ್ಟನ್ ರಿಂಗ್ ಸವೆದಿದ್ದರೆ ಎಣ್ಣೆ ಸಂದು ಮುಚ್ಚಿ ಒತ್ತಡ ಏರುತ್ತದೆ. ಏರಲಿಲ್ಲ. ‘ರಿಂಗ್ ಚೆನ್ನಾಗಿದೆ, ವಾಲ್ವ್ ಸೋರ್ತಿದೆ’ ಅಂದರು. ನಮ್ಮ ಪುಸ್ತಕದಲ್ಲಿ ಇದಕ್ಕೆ ಒಂದು ಪುಟವಿದೆ. ಅವರಿಗೆ ಒಂದು ಚಮಚ ಸಾಕಾಯಿತು.

ಹೆಡ್ ಬಿಚ್ಚಿದರೆ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಅಂಚಿನಲ್ಲಿ ಸುಟ್ಟಿತ್ತು. ಮೂರರಲ್ಲಿ ಒಂದು ಸಿಲಿಂಡರ್ ಅರ್ಧಂಬರ್ಧ ದುಡಿಯುತ್ತಿದ್ದರೆ ಘಾಟಿಯಲ್ಲಿ ಏದುಸಿರು ಬಾರದೆ ಇನ್ನೇನು? ಹೊಸ ವಾಲ್ವ್, ಸೀಟ್ ಉಜ್ಜಿಸಿದ್ದು, ಹೆಡ್ ಗ್ಯಾಸ್ಕೆಟ್, ಹೇಗೂ ಬಿಚ್ಚಿದ್ದೇವೆಂದು ಟೈಮಿಂಗ್ ಬೆಲ್ಟ್, ಪ್ಲಗ್, ಫಿಲ್ಟರ್, ಕೂಲಿ ಎಲ್ಲ ಸೇರಿ 12,400 ರೂಪಾಯಿ. ಬ್ರೇಕ್ ಪ್ಯಾಡ್, ಹಿಂದಿನ ಬ್ರೇಕ್ ಶೂ ಮತ್ತು ಬ್ರೇಕ್ ಆಯಿಲ್‌ಗೆ ಬೇರೆ 4 ಸಾವಿರ. ಇದನ್ನು ಮಾತ್ರ ನಾನು ಹಟ ಹಿಡಿದು ಹಾಕಿಸಿದೆ.

ಕಳೆದ ತಿಂಗಳು ಅಜ್ಜಿಯನ್ನು ಕರೆದುಕೊಂಡು ಹೋಗಿ ಬಂದೆವು. ಮೊದಲು ಒಂದನೇ ಗೇರಿಗೆ ಇಳಿಯುತ್ತಿದ್ದ ತಿರುವುಗಳನ್ನು ಕಾರು ಎರಡರಲ್ಲೇ ಹತ್ತಿತು. ಹಾರಲಿಲ್ಲ. ಕಾಲು ಒತ್ತಿದರೆ ಮೈಮೇಲೆ ರೋಮಾಂಚನವೂ ಆಗಲಿಲ್ಲ. ಲಾರಿಗಳನ್ನು ಹಿಂದೆ ಹಾಕಲು ಈಗಲೂ ಜಾಗ ನೋಡಿ ಕಾಯಬೇಕು. ಹಾಸ್ಟೆಲ್ ಹುಲಿಗಳಿಗೆ ನನ್ನ ಮೇಲೆ ಭಾರೀ ಬೇಸರ. ‘ಮೆಕ್ಯಾನಿಕಲ್ ಮಾನ ಕಳೆದೆ’ ಅಂದರು. ಅಜ್ಜಿಯಂತೂ ಮಾರನಹಳ್ಳಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಉಳಿದ ದುಡ್ಡಿನಲ್ಲಿ ಲ್ಯಾಪ್‌ಟಾಪ್ ಬಂತು. ಕ್ಲಚ್ ಪ್ಲೇಟ್ ಇನ್ನೊಂದು ವರ್ಷ ತಡೆಯುತ್ತದೆ ಅಂತ ಮೇಸ್ತ್ರಿ ಹೇಳಿದ್ದಾರೆ. ಕಾರಿನ ನೋಂದಣಿ ಮತ್ತೆ ನವೀಕರಣಕ್ಕೆ ಬರುವುದು 2028ರಲ್ಲಿ. ಅಷ್ಟು ಹೊತ್ತಿಗೆ ನನಗೊಂದು ಕೆಲಸ ಸಿಕ್ಕಿರಬೇಕು. ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿ ಎಂಜಿನ್ ನಂಬರ್ ಹುಡುಕುವಾಗ ಟಾರ್ಚ್ ಹಿಡಿಯಲು ಒಂದು ದಿನ ರಜೆ ಹಾಕಿ ಊರಿಗೆ ಬರುತ್ತೇನೆ.