ರ, ಗ, ಸ, ದ, ಅ

ನಂಜನಗೂಡು, ತಿ.ನರಸೀಪುರದ ಕಡೆಯ ಹಳ್ಳಿಗಳ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯ ಮಗುವನ್ನು ‘ಅಕ್ಷರ ಹೇಳು ಮಗಾ’ ಎಂದು ಕೇಳಿ ನೋಡಿ. ‘ಅ ಆ ಇ ಈ’ ಬರುವ ಬದಲು ‘ರ ಗ ಸ ದ ಅ’ ಬಂದೀತು. ಕಾಗುಣಿತ ಬಾಯಿಪಾಠ ಮಾಡಿ, ತಪ್ಪಿದರೆ ಕಿವಿ ಹಿಂಡಿಸಿಕೊಂಡು ಬೆಳೆದ ಅಜ್ಜಂದಿರಿಗೆ ಇದು ತಲೆಕೆಳಗು ಪಾಠ. ಇದೇನು ಕಲಿಸ್ತಾರೋ ಎಂದು ಅವರು ಗೊಣಗುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಲೆಕ್ಕ ಹಾಕಿ. ಸ್ವರಗಳೆಲ್ಲ ಬಾಯಿಗೆ ಬಂದ ಮೇಲೂ ಮಗು ಓದಬಲ್ಲ ಪದ ಎಷ್ಟು? ‘ಆ’, ‘ಈ’ ಬಿಟ್ಟರೆ ಹೆಚ್ಚೇನಿಲ್ಲ. ‘ರ ಗ ಸ ದ ಅ’ ಐದೇ ಅಕ್ಷರ ಕಲಿತ ಮಗುವಿಗೆ ಸರ, ದರ, ಅಗಸ, ಅರಸ, ಗರಗಸ ಓದಲು ಬರುತ್ತದೆ. ಮುಂದಿನ ಕಂತು ‘ಜ ವ ಮ ಬ ನ’ ಸೇರಿದರೆ ಮರ, ಜನ, ವನ, ಬಸವ. ತಲೆಕಟ್ಟು ಬಿಟ್ಟು ಬೇರೆ ಗುಣಿತ ಇನ್ನೂ ಬಂದೇ ಇಲ್ಲ, ಮಗು ಆಗಲೇ ಓದುತ್ತಿದೆ. ವರ್ಣಮಾಲೆಯ ಕ್ರಮ ಉಚ್ಚಾರಣೆಯ ಸ್ಥಾನ ನೋಡಿ ಜೋಡಿಸಿದ್ದು. ವ್ಯಾಕರಣ ಬಲ್ಲವರಿಗೆ ಅದು ಚೆಂದ. ಆರು ವರ್ಷದ ಮಗುವಿಗೆ ಬೇಕಾದದ್ದು ಅದಲ್ಲ, ಒಂದು ಪದ ಕೂಡಿಸಿ ಓದಿದೆನೆಂಬ ಹಿಗ್ಗು.

ಈ ಪದ್ಧತಿಯ ಹೆಸರು ನಲಿ-ಕಲಿ. ಹುಟ್ಟೂರು ದೂರದ್ದೇನಲ್ಲ. ಕಪಿಲೆ ನಂಜನಗೂಡನ್ನು ಹಾದು ತಿ.ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಮೊದಲು ಹರಿದು ಬರುವ ಹೆಗ್ಗಡದೇವನಕೋಟೆ. ಕಾಡಂಚಿನ ಆ ತಾಲ್ಲೂಕಿನಲ್ಲಿ ಒಬ್ಬರೇ ಮೇಷ್ಟ್ರು ಹಲವು ತರಗತಿ ನೋಡಬೇಕಿತ್ತು. ಕೂಲಿಗೆ, ಕಾಫಿ ತೋಟಕ್ಕೆ ಹೋಗುವ ಅಪ್ಪ ಅಮ್ಮನ ಜೊತೆ ಮಕ್ಕಳೂ ಹೊರಡುತ್ತಿದ್ದರು. ತಿರುಗಿ ಬರುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಪದ್ಮನಾಭ ರಾವ್, ರಮಾ ದಂಪತಿ ಹಳ್ಳಿ ಶಾಲೆಗಳಿಗಾಗಿ ರೂಪಿಸಿದ್ದ ಕಾರ್ಡುಗಳ ಪದ್ಧತಿ ನೋಡಿ ಬಂದರು. ಯುನಿಸೆಫ್ ನೆರವಿನಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಕೆಲಸ ಶುರುವಾಯಿತು. ಕಾರ್ಡು ಬರೆದವರು ತರಗತಿಯಲ್ಲಿ ಪಾಠ ಮಾಡುವ ಶಿಕ್ಷಕರೇ ಎಂಬುದು ನನ್ನ ಮಟ್ಟಿಗೆ ಈ ಕಥೆಯ ದೊಡ್ಡ ಸಂಗತಿ. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1, 2ನೇ ತರಗತಿಗೆ, ಆಮೇಲೆ ಮೂರನೆಯದಕ್ಕೂ ಅದು ಹಬ್ಬಿತು.

ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೇ ಇರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ಏಣಿಯಲ್ಲಿ ಮೈಲಿಗಲ್ಲು, ಒಂದೊಂದು ಮೆಟ್ಟಿಲಿಗೂ ಚಿತ್ರದ ಗುರುತು, ಅದೇ ಗುರುತಿನ ಕಾರ್ಡು. ತಾನು ಎಲ್ಲಿದ್ದೇನೆ, ಮುಂದಿನ ಕಾರ್ಡು ಯಾವುದು ಎಂಬುದು ಓದಲು ಬಾರದ ಮಗುವಿಗೂ ತಿಳಿಯುತ್ತದೆ. ಕೂರುವುದು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪಿನಲ್ಲಿ: ಶಿಕ್ಷಕರ ಪೂರ್ತಿ ನೆರವು ಬೇಕಾದವರು, ಸ್ವಲ್ಪ ಬೇಕಾದವರು, ಗೆಳೆಯರ ಪೂರ್ತಿ ನೆರವು, ಗೆಳೆಯರ ಸ್ವಲ್ಪ ನೆರವು, ಕೊನೆಗೆ ಸ್ವಕಲಿಕೆ. ಮಕ್ಕಳ ಎತ್ತರಕ್ಕೇ ಬಳಿದ ಕಪ್ಪುಹಲಗೆ, ಅವರು ಬರೆದದ್ದನ್ನು, ಬಿಡಿಸಿದ್ದನ್ನು ತೂಗುಹಾಕುವ ದಾರದ ಚಪ್ಪರ. ತಿಂಗಳು ಬಿಟ್ಟು ಬಂದ ಮಗು ನಿಂತಲ್ಲಿಂದಲೇ ಮತ್ತೆ ಹತ್ತುತ್ತದೆ. ಹೆಸರಿನಲ್ಲಿ ನಲಿವು ಇರುವುದರಿಂದ ಜನ ಇದನ್ನು ಹಾಡು ಕುಣಿತದ ಕಾರ್ಯಕ್ರಮ ಎಂದುಕೊಳ್ಳುತ್ತಾರೆ. ನಿಜವಾದ ಬಲ ಇರುವುದು ಮಗುವಿನ ಜಾಗ ಕಾದಿಡುವ ಈ ವ್ಯವಸ್ಥೆಯಲ್ಲಿ.

ಕಷ್ಟಗಳೂ ಇವೆ. ಕಾರ್ಡು ಹರಿಯುತ್ತವೆ, ಕಳೆಯುತ್ತವೆ. ಯಾರು ಯಾವ ಮೆಟ್ಟಿಲು ದಾಟಿದರು ಎಂದು ದಾಖಲೆ ತುಂಬುವುದೇ ಕೆಲಸವಾದರೆ ಪಕ್ಕದಲ್ಲಿ ಕೂತು ಕಥೆ ಓದಿ ಹೇಳಲು ಹೊತ್ತು ಸಿಗುವುದಿಲ್ಲ. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವಿಗೆ ಆ ಕಥೆಯ ಹೊತ್ತು ಕಾರ್ಡಿನಷ್ಟೇ ಮುಖ್ಯ.

ಮಾತಿನ ತೊಡಕು ಬೇರೆ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಹಾಲು ‘ಆಲು’, ಹಸು ‘ಅಸ’. ‘ಹ’ ಕಾರ್ಡಿನ ಮೇಲಿನ ಹಸುವಿನ ಚಿತ್ರ ನೋಡಿ ಮಗು ‘ಅಸ’ ಎಂದರೆ ಅದು ಚಿತ್ರವನ್ನು ಸರಿಯಾಗಿಯೇ ಗುರುತಿಸಿದೆ. ನಂಜನಗೂಡು ತಾಲ್ಲೂಕಿನ ದೇವನೂರಿನ ಮಹಾದೇವ ಇಂಥದೇ ಆಡುಮಾತಿನಲ್ಲಿ ಬರೆದ ‘ಕುಸುಮಬಾಲೆ’ ಕಾದಂಬರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಳ್ಳೆಯ ಟೀಚರ್ ಮಗುವಿನ ಬಾಯಿ ಮುಚ್ಚಿಸದೆ, ಬರೆಯುವಾಗ ಇಲ್ಲಿ ‘ಹ’ ಬರುತ್ತದೆ ಎಂದು ತೋರಿಸುತ್ತಾರೆ.

ಇನ್ನು ಗುಣಿತ, ಒತ್ತಕ್ಷರ. ಮೂವತ್ತನಾಲ್ಕು ವ್ಯಂಜನಕ್ಕೆ ಗುಣಿತ ಹಚ್ಚಿದರೆ ನಾನೂರಕ್ಕೂ ಹೆಚ್ಚು ರೂಪ, ಒತ್ತು ಸೇರಿದರೆ ಇನ್ನಷ್ಟು. ಕನ್ನಡದ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಅಕ್ಷರ ಕಲಿಕೆ ನಾಲ್ಕನೇ ತರಗತಿಯ ಆಚೆಗೂ ನಡೆಯುತ್ತಲೇ ಇರುತ್ತದೆ. ಅಂದರೆ ಏಣಿ ಮುಗಿದು ದಪ್ಪ ಪಠ್ಯಪುಸ್ತಕ ಕೈಗೆ ಬಂದಾಗ ‘ಕ್ಷೇತ್ರ’, ‘ರಾಷ್ಟ್ರ’ದ ಮುಂದೆ ಮಗು ತಡವರಿಸಿದರೆ ದಡ್ಡತನವಲ್ಲ, ಕಲಿಕೆ ಇನ್ನೂ ನಡೆದಿದೆ ಅಷ್ಟೇ. ಹೀಗೆ ಹಿಂದುಳಿದ 4, 5ನೇ ತರಗತಿಯವರಿಗಾಗಿ ‘ಓದು ಕರ್ನಾಟಕ’ ಎಂಬ ಕಾರ್ಯಕ್ರಮ ಬಂತು. ಅಲ್ಲಿ ಮಕ್ಕಳನ್ನು ತರಗತಿ ನೋಡಿ ಕೂರಿಸುವುದಿಲ್ಲ. ಅಕ್ಷರ ಓದುವವರು, ಪದ ಓದುವವರು, ವಾಕ್ಯವೃಂದ ಓದುವವರು, ಕಥೆ ಓದುವವರು ಎಂದು ಬೇರೆ ಬೇರೆ ಗುಂಪು ಮಾಡಿ, ಅಲ್ಲಿಂದಲೇ ಮುಂದಕ್ಕೆ ಕರೆದೊಯ್ಯುತ್ತಾರೆ.