ಜೋರಾಗಿ ಓಡಿದರೂ ಬೊಜ್ಜು ಕರಗದೇಕೆ?

ಪ್ರಶ್ನೆ: ಪಾರ್ಕಿನಲ್ಲಿ ದಿನವೂ ಬಿಟ್ಟು ಬಿಟ್ಟು ಜೋರಾಗಿ ಓಡುತ್ತೇನೆ. ಹೊಟ್ಟೆ ಮಾತ್ರ ಇಳಿದಿಲ್ಲ. ಏಕೆ?
– ಓದುಗರೊಬ್ಬರು, ಆರ್‌ಪಿಸಿ ಲೇಔಟ್, ಬೆಂಗಳೂರು

ಉತ್ತರ: ಈ ಕ್ರಮಕ್ಕೆ ಹೆಸರು ತಂದದ್ದು ಜಪಾನಿನ ಇಜುಮಿ ತಬಾಟ ಅವರ ತಂಡದ 1996ರ ಅಧ್ಯಯನ: 20 ಸೆಕೆಂಡು ಶಕ್ತಿಮೀರಿ ಸೈಕಲ್ ತುಳಿತ, 10 ಸೆಕೆಂಡು ವಿರಾಮ. ಅವರು ಅಳೆದದ್ದು ದಮ್ಮನ್ನು, ಕೊಬ್ಬನ್ನಲ್ಲ. ವ್ಯಾಯಾಮ ಮುಗಿದ ಮೇಲೂ ದೇಹ ಸ್ವಲ್ಪ ಹೆಚ್ಚು ಕ್ಯಾಲೊರಿ ಉರಿಸುವುದು ನಿಜ; ಆದರೆ ಅದು ಒಂದು ತುಂಡು ಮೈಸೂರು ಪಾಕಿಗೂ ಸಾಲದು. ಒಂದೇ ಹದದ ದೀರ್ಘ ವ್ಯಾಯಾಮಕ್ಕೆ ಹೋಲಿಸಿದರೆ ಕೊಬ್ಬಿನ ಇಳಿಕೆ ಹೆಚ್ಚುಕಡಿಮೆ ಅಷ್ಟೇ. ಉಳಿಯುವುದು ಸಮಯ.

ದಿನವೂ ಓಡುವುದೇ ನಿಮ್ಮ ತೊಡಕಾಗಿರಬಹುದು. ಸುಧಾರಿಸಿಕೊಳ್ಳದ ಕಾಲು ಜೋರಾಗಿ ಓಡಲಾರದು. ವಾರಕ್ಕೆ ಎರಡು ಮೂರು ದಿನ ಸಾಕು: 4 ನಿಮಿಷ ಪೂರ್ತಿ ವಾಕ್ಯ ಆಡಲಾಗದಷ್ಟು ಬಿರುಸು, 3 ನಿಮಿಷ ನಿಧಾನ, ಹೀಗೆ 4 ಸುತ್ತು. ಉಳಿದ ದಿನ ಅತ್ತಿಗುಪ್ಪೆ ಮೆಟ್ರೊವರೆಗೆ ನಡೆದು ಬನ್ನಿ.

ಹೊಟ್ಟೆಯನ್ನಷ್ಟೇ ಆರಿಸಿ ಕರಗಿಸಲು ಯಾವ ವ್ಯಾಯಾಮಕ್ಕೂ ಆಗದು. ಮೈಯ ಬೊಜ್ಜು ಒಟ್ಟಾರೆ ಇಳಿಯಬೇಕು; ಅದಕ್ಕೆ ತಟ್ಟೆಯನ್ನೂ ನೋಡಬೇಕು. ಓಟದ ನಂತರದ ಸೆಟ್ ದೋಸೆ, ಸಕ್ಕರೆ ಕಾಫಿ ತಗ್ಗಲಿ. ಹೆಸರುಕಾಳು, ಮೊಸರು, ಮೊಟ್ಟೆ ಹೆಚ್ಚಲಿ. ಬಿಪಿ, ಶುಗರ್ ಇದ್ದರೆ ಅಥವಾ ಓಡುವಾಗ ಎದೆ ಹಿಡಿದಂತಾದರೆ, ದಯವಿಟ್ಟು ಓಟ ನಿಲ್ಲಿಸಿ ಮೊದಲು ಡಾಕ್ಟರನ್ನು ಕಾಣಿ.