ಕಾಳು ಕಚ್ಚುವವರು, ಗುಟುಕು ನೋಡುವವರು

ಗಂಗಾವತಿಯ ಮಾರುಕಟ್ಟೆಗೆ ರೈತ ಭತ್ತ ತಂದಾಗ ವ್ಯಾಪಾರಿ ಮೊದಲು ಮಾಡುವ ಕೆಲಸ ದರ ಹೇಳುವುದಲ್ಲ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಉಳಿದ ಅಕ್ಕಿಯಲ್ಲಿ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಚ್ಚುತ್ತಾನೆ. 'ಕಟ್' ಎಂದರೆ ಒಣಗಿದೆ. ಮೆತ್ತಗೆ ಅಮುಕಿದರೆ ಹಸಿ ಇದೆ, ದರ ಅಲ್ಲಿಗೇ ಇಳಿಯಿತು. ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶ ಶೇ 17ನ್ನು ಮೀರಬಾರದು ಎಂಬ ನಿಯಮವಿದೆ, ಅಳೆಯಲು ಯಂತ್ರವೂ ಇದೆ. ಆದರೂ ಹಲ್ಲಿನ ಮೇಲಿನ ನಂಬಿಕೆ ಪೂರ್ತಿ ಹೋಗಿಲ್ಲ.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಸೀಮೆಯಾದ ಮರಳಿ ಮತ್ತು ಸುತ್ತಲಿನ ಊರುಗಳಲ್ಲಿ ಇಂಥ ಪರೀಕ್ಷೆಗೆ 'ವಿದ್ಯೆ' ಎಂಬ ದೊಡ್ಡ ಹೆಸರೇನೂ ಇಲ್ಲ. ಮನೆಯ ಹಿರಿಯ ಹೆಂಗಸು ಅನ್ನದ ಗಡಿಗೆಯ ಮುಚ್ಚಳ ತೆಗೆಯುತ್ತಲೇ ಅಕ್ಕಿ ಹಳೆಯದೋ ಹೊಸದೋ ಹೇಳಿಬಿಡುತ್ತಾಳೆ. ಅವಳಿಗೆ ಅದನ್ನು ಕಲಿಸಿದ ಶಾಲೆ ಯಾವುದೂ ಇಲ್ಲ.

ಇದೇ ಸೀಮೆಯಿಂದ ಇಂಜಿನಿಯರಿಂಗೋ ಪದವಿಯೋ ಓದಲು ಬೆಂಗಳೂರಿಗೆ ಹೋದ ಮಕ್ಕಳ ಕಣ್ಣಿಗೆ ಬೇರೊಂದು ಬಗೆಯ ರುಚಿ ಪರೀಕ್ಷೆ ಬೀಳುತ್ತದೆ. ಇಂದಿರಾನಗರದಂಥ ಬಡಾವಣೆಯ ಒಂದು ಬಾರು. ಗಾಜಿನ ಆಚೆ ತಾಮ್ರ, ಉಕ್ಕಿನ ಹಂಡೆಗಳು. ಮೇಜಿನ ಮೇಲೆ ಮರದ ಹಲಗೆ, ಅದರಲ್ಲಿ ಸಾಲಾಗಿ ಕೂತ ಪುಟ್ಟ ಲೋಟಗಳು. ಒಂದೊಂದರಲ್ಲೂ ಒಂದೊಂದು ಬಣ್ಣದ ಬಿಯರ್. ಕಾರ್ಖಾನೆಯ ಬಾಟಲಿಯಲ್ಲ, ಅಲ್ಲೇ ಕುದಿಸಿ ಹುಳಿಸಿ ಅಲ್ಲೇ ಬಡಿಸುವಂಥದು. ಕರ್ನಾಟಕದಲ್ಲಿ ಇಂಥ ಪುಟ್ಟ ಬಿಯರ್ ಮನೆಗಳು ಬಂದದ್ದು 2010ರ ಹೊತ್ತಿಗೆ. ಆ ವರ್ಷ ಇಂದಿರಾನಗರದಲ್ಲಿ ಬಾಗಿಲು ತೆರೆದ 'ಟಾಯ್ಟ್' ಮೊದಲಿಗರಲ್ಲಿ ಒಂದು.

ವಿದ್ಯಾರ್ಥಿಗಳು ಓದುವ ಪುಟದಲ್ಲಿ ಬಿಯರಿನ ಮಾತೇಕೆ ಎಂದು ತಂದೆ-ತಾಯಿ ಹುಬ್ಬೇರಿಸಬಹುದು. ಕಾರಣ ಸರಳ. ಕರ್ನಾಟಕದಲ್ಲಿ ಮದ್ಯ ಕೊಳ್ಳಲು 21 ವರ್ಷ ತುಂಬಿರಬೇಕು. ಅದನ್ನು 18ಕ್ಕೆ ಇಳಿಸುವ ಕರಡು ಬಂದು, ವಿರೋಧ ಎದ್ದ ಮೇಲೆ 2023ರ ಜನವರಿಯಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಹುಡುಗನಿಗಾಗಲಿ ಹುಡುಗಿಗಾಗಲಿ ಆ 21 ತುಂಬುವುದು ಓದಿನ ಕೊನೆಯ ವರ್ಷದಲ್ಲಿ, ಊರಿನಿಂದ ನಾನ್ನೂರು ಕಿಲೋಮೀಟರಿನಷ್ಟು ದೂರದಲ್ಲಿ. ಮನೆಯವರು ಮಾತೇ ಎತ್ತದಿದ್ದರೆ ಪಾಠ ಹೇಳಲು ಹಾಸ್ಟೆಲಿನ ಗೆಳೆಯರಂತೂ ಇದ್ದೇ ಇದ್ದಾರೆ. ಅವರ ಪಾಠಕ್ಕಿಂತ ಆ ಹಲಗೆಯ ಮೇಲಿನ ಲೋಟಗಳಲ್ಲಿ ನಿಜವಾಗಿ ಏನಿದೆ ಎಂದು ತಿಳಿದಿರುವುದು ಮೇಲು.

ಲೋಟದೊಳಗಿನ ರಸಾಯನ

ಬಿಯರಿನ ಮೂಲ ಬಾರ್ಲಿ, ನಮ್ಮವರ ಜವೆಗೋಧಿ. ಅದನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಕೂಸಿಗೆ ಗಂಜಿ ಕಾಯಿಸಲು ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸುವ ತಾಯಿ ಮಾಡುವುದೂ ಇದನ್ನೇ. ಮೊಳಕೆ ಒಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಕೂಸಿನ ಗಂಜಿ ತೆಳ್ಳಗಾಗಿ ಸಿಹಿಯಾಗುವುದು ಅದರಿಂದ. ಬಿಯರ್ ಮಾಡುವವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಮಾಲ್ಟನ್ನು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಇಟ್ಟು ಸಿಹಿರಸ ತೆಗೆದು, ಹಾಪ್ಸ್ ಎಂಬ ಬಳ್ಳಿಯ ಹೂಗೊಂಚಲು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮುಗಿಯಿತು. ಉಳಿದದ್ದೆಲ್ಲ ಈ ನಾಲ್ಕೈದು ಪದಾರ್ಥಗಳ ಆಟ.

ಆಟ ಮಾತ್ರ ಸೋಜಿಗದ್ದು. ಮಬ್ಬಾದ ಹಳದಿ ಲೋಟ ಗೋಧಿ ಬಿಯರಿನದು. ಮೂಗಿನ ಬಳಿ ತಂದರೆ ಕಳಿತ ಬಾಳೆಹಣ್ಣು, ಹಿಂದೆಯೇ ಲವಂಗ. ಹಾಕಿದವರು ಬಾಳೆಯನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ. ಆ ತಳಿಯ ಯೀಸ್ಟ್ ತಾನೇ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರನ್ನು ತಯಾರಿಸುತ್ತದೆ. ಕಳಿತ ಬಾಳೆಯ ಘಮಕ್ಕೂ ಇದೇ ಕಾರಣ. ಪಿಯುಸಿ ಪ್ರಯೋಗಾಲಯದಲ್ಲಿ ಎಸ್ಟರ್ ಎಂದರೆ ಹಣ್ಣಿನ ವಾಸನೆ ಎಂದು ಬರೆದು ಅಂಕ ಪಡೆದವರಿಗೆ ಇದು ಹಳೆಯ ಪರಿಚಯವೇ.

ಪಕ್ಕದ ಬಿಳಿಚು ಲೋಟ ಬೆಲ್ಜಿಯಂ ಶೈಲಿಯದು. ಅದರಲ್ಲಿ ಬರುವ ಮಸಾಲೆಯ ವಾಸನೆ ಮಾತ್ರ ನಿಜವಾಗಿ ಹಾಕಿದ್ದೇ: ಕೊತ್ತಂಬರಿ ಬೀಜ, ಜೊತೆಗೆ ಕಿತ್ತಳೆಯ ಒಣಸಿಪ್ಪೆ. ಸಾರಿನ ಪುಡಿಗೆ ಹುರಿಯುವಾಗ ಬರುವ ವಾಸನೆಯ ದೂರದ ತಂಗಿ. ಕರಿ ಲೋಟ ಸ್ಟೌಟ್; ಬಾರ್ಲಿಯನ್ನು ಕಪ್ಪಾಗುವಷ್ಟು ಹುರಿದದ್ದರಿಂದ ಕಾಫಿಪುಡಿಯ ಘಮ, ನೊರೆ ಮಾತ್ರ ಕೆನೆಬಣ್ಣ. ತಾಮ್ರದ ಬಣ್ಣದ ಕಹಿ ಲೋಟಕ್ಕೆ ಇಂಡಿಯಾ ಪೇಲ್ ಏಲ್ ಎಂದು ಹೆಸರು. ಹೆಸರಿನಲ್ಲಿ ಇಂಡಿಯಾ ಇದ್ದರೂ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಕಂಪನಿ ಸರ್ಕಾರದ ಕಾಲದಲ್ಲಿ ಹಡಗಿನಲ್ಲಿ ಇಲ್ಲಿನ ದೊರೆಗಳಿಗೆ ಬರುತ್ತಿತ್ತು. ಹಾಪ್ಸಿನ ಕಹಿ ಕೆಡಿಸುವ ಬ್ಯಾಕ್ಟೀರಿಯಾಗಳನ್ನು ತಡೆಯುವುದರಿಂದ ದೂರದ ಪ್ರಯಾಣಕ್ಕೆ ಅದನ್ನು ಹೆಚ್ಚು ಹಾಕುತ್ತಿದ್ದರು. ಬೇವಿನ ಕಡ್ಡಿ ಜಗಿದು ಬೆಳೆದವರಿಗೆ ಆ ಕಹಿ ದೊಡ್ಡದಲ್ಲ, ಹೊಸಬರ ಮುಖ ಮಾತ್ರ ಕಿವುಚುತ್ತದೆ.

ಮರಳಿಯವರು ನಿಂತು ನೋಡಬೇಕಾದದ್ದು ತಿಳಿಹೊನ್ನಿನ ಲೋಟ. ಟಾಯ್ಟ್‌ನಲ್ಲಿ ಅದರ ಹೆಸರು 'ಬಾಸ್ಮತಿ ಬ್ಲಾಂಡ್'. ಬಾರ್ಲಿಯ ಜೊತೆಗೆ ಅಕ್ಕಿ ಸೇರಿಸಿ ಮಾಡಿದ್ದು. ಅಕ್ಕಿ ಬಿಯರಿಗೆ ಹೊಸತೇನಲ್ಲ. ಅಮೆರಿಕದ ಬಡ್‌ವೈಸರ್ ಬಹಳ ಹಿಂದಿನಿಂದಲೂ ಅಕ್ಕಿ ಹಾಕುತ್ತದೆ. ನಮ್ಮ ದೇಶದ ಬಿಯರ್ ಕಾರ್ಖಾನೆಗಳೂ ಬಾರ್ಲಿಯ ಖರ್ಚು ತಗ್ಗಿಸಲು ಅಕ್ಕಿಯನ್ನೋ ಮೆಕ್ಕೆಜೋಳವನ್ನೋ ಬಳಸುತ್ತವೆ. ಅಕ್ಕಿ ಎಂದರೆ ಊಟದ ಅಕ್ಕಿಯಲ್ಲ, ಗಿರಣಿಯ ಜರಡಿಯಿಂದ ಕೆಳಗೆ ಬೀಳುವ ನುಚ್ಚು. ಅದನ್ನು ಮೊದಲು ಬೇರೆಯಾಗಿ ಬೇಯಿಸಿ, ಆಮೇಲೆ ಮಾಲ್ಟಿನ ಕಿಣ್ವಕ್ಕೆ ಒಪ್ಪಿಸಬೇಕು. ಹಾಗೆ ಮಾಡಿದ ಬಿಯರ್ ಬಾಯಿಗೆ ಹಗುರ. ಇಡೀ ಅಕ್ಕಿಗೂ ನುಚ್ಚಿಗೂ ಇರುವ ದರದ ಅಂತರ ಗಂಗಾವತಿಯ ಗಿರಣಿಯವರಿಗೆ ಹೇಳಿಕೊಡಬೇಕಿಲ್ಲ; ಆ ನುಚ್ಚಿನಿಂದ ಆದ ಗುಟುಕಿನ ಬೆಲೆ ಕೇಳಿದರೆ ಅವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ.

ಬರೀ ಅಕ್ಕಿಯಿಂದಲೇ ಮದ್ಯ ಮಾಡುವವರೂ ಇದ್ದಾರೆ. ಅಸ್ಸಾಮಿನ ದಿಮಾಸಾ ಜನರ 'ಜುಡಿಮಾ'ಕ್ಕೆ 2021ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಜಪಾನಿನ ಸಾಕೆಯ ಪರೀಕ್ಷಕರು ಬಳಸುವ ಬಿಳಿ ಬಟ್ಟಲಿನ ತಳದಲ್ಲಿ ಎರಡು ನೀಲಿ ಬಳೆಗಳಿರುತ್ತವೆ. ಬಳೆಯ ಅಂಚು ಸ್ಪಷ್ಟವಾಗಿ ಕಂಡರೆ ದ್ರವ ತಿಳಿ. ಭತ್ತದ ವ್ಯಾಪಾರಿಯ ಅಂಗೈಯ ಹಾಗೆ ಅದೂ ಒಂದು ಉಪಕರಣ.

ಪಠ್ಯಪುಸ್ತಕದ ಹಿಂಬಾಗಿಲು

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಪುಸ್ತಕದಲ್ಲಿ ಶಿಸ್ತಾಗಿ ಕೂತಿರುವ ಕೆಲವು ಪಾಠಗಳು ಅಲ್ಲಿಗೆ ಬಂದದ್ದು ಬಿಯರ್ ಕಾರ್ಖಾನೆಯ ಹಿಂಬಾಗಿಲಿನಿಂದ. ಆಮ್ಲ-ಪ್ರತ್ಯಾಮ್ಲ ಅಳೆಯುವ ಪಿಎಚ್ ಮಾನವನ್ನು 1909ರಲ್ಲಿ ಸೊರೆನ್ಸನ್ ರೂಪಿಸಿದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ಶಕ್ತಿಯ ಮಾನಕ್ಕೆ ಹೆಸರು ಕೊಟ್ಟ ಜೌಲ್ ಬಿಯರ್ ತಯಾರಕನ ಮಗ. ಬಿಯರ್ ಏಕೆ ಕೆಡುತ್ತದೆಂದು ಹುಡುಕಿದ ಲೂಯಿ ಪ್ಯಾಶ್ಚರ್ 1876ರಲ್ಲಿ ಅದರ ಮೇಲೇ ಒಂದು ಪುಸ್ತಕ ಬರೆದ.

ಸಂಖ್ಯಾಶಾಸ್ತ್ರ ಓದುವವರ 'ಸ್ಟೂಡೆಂಟ್ಸ್ ಟಿ' ಪರೀಕ್ಷೆಯ ಕಥೆ ಇನ್ನೂ ಸ್ವಾರಸ್ಯ. ಅದು ಯಾವ ವಿದ್ಯಾರ್ಥಿಯದೂ ಅಲ್ಲ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಗೆ 1899ರಲ್ಲಿ ಸೇರಿದ ವಿಲಿಯಂ ಗಾಸೆಟ್ ಎಂಬ ರಸಾಯನಶಾಸ್ತ್ರಜ್ಞನಿಗೆ ಬಾರ್ಲಿಯ ಗುಣ ನಿರ್ಧರಿಸುವ ಕೆಲಸ. ಮಾದರಿಗಳು ಬೆರಳೆಣಿಕೆಯಷ್ಟು. ಇಷ್ಟು ಕಡಿಮೆ ಮಾದರಿಯಿಂದ ಇಡೀ ಫಸಲಿನ ಬಗ್ಗೆ ಎಷ್ಟರಮಟ್ಟಿಗೆ ಹೇಳಬಹುದು? ಒಂದು ಹಿಡಿ ಭತ್ತ ಉಜ್ಜಿ ಇಡೀ ರಾಶಿಗೆ ದರ ಕಟ್ಟುವವನ ಪ್ರಶ್ನೆಯೂ ಇದೇ. ಗಾಸೆಟ್ ಗಣಿತದಿಂದ ಉತ್ತರ ಕಂಡುಕೊಂಡ. ಆದರೆ ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಕಂಪನಿ ಬಿಡುತ್ತಿರಲಿಲ್ಲ. 1908ರಲ್ಲಿ ಲೇಖನ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಬಂತು, ಪರೀಕ್ಷೆಗೂ ಅದೇ ಹೆಸರು ಉಳಿಯಿತು.

ಲೆಕ್ಕದ ಇನ್ನೊಂದು ಮಗ್ಗುಲು

'ಬಿಯರ್ ಅಂದ್ರ ದಾರೂ ಅಲ್ಲಲೇ, ತಂಪಿಗೆ ಕುಡಿಯೋದು' ಎಂಬ ಮಾತು ಹಾಸ್ಟೆಲುಗಳಲ್ಲಿ ಹಳೆಯದು. ಅದನ್ನೂ ಲೆಕ್ಕಕ್ಕೇ ಹಚ್ಚಬೇಕು. ಶೇ 5 ಆಲ್ಕೋಹಾಲಿನ 330 ಮಿಲಿಲೀಟರ್ ಬಿಯರಿನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 13 ಗ್ರಾಂ. 'ಸ್ಟ್ರಾಂಗ್' ಎಂದು ಬರೆದ ಬಾಟಲಿಯಲ್ಲಿ ಶೇ 8ರವರೆಗೂ ಇರಬಹುದು. ಅಂಥ 650 ಮಿಲಿಲೀಟರಿನ ಒಂದು ಬಾಟಲಿ ಎಂದರೆ 41 ಗ್ರಾಂ. ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 61 ಗ್ರಾಂ ಇರುತ್ತದೆ. ಅಂದರೆ ಒಂದು ಸ್ಟ್ರಾಂಗ್ ಬಾಟಲಿ ಕ್ವಾರ್ಟರಿನ ಮೂರನೆಯ ಎರಡು ಪಾಲು. ಯಕೃತ್ತಿಗೆ ಲೋಟದ ಬಣ್ಣ ಗೊತ್ತಾಗುವುದಿಲ್ಲ, ಗ್ರಾಂ ಮಾತ್ರ ಗೊತ್ತು. ಆಲ್ಕೋಹಾಲಿನಿಂದ ಕ್ಯಾನ್ಸರ್ ಬರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿತ್ತು. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಕುಡಿದು ಬೈಕು ಹತ್ತಿದವನಿಗೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಈ ಸೀಮೆಯ ಹೆಂಗಸರಿಗೆ ಗ್ರಾಂ ಲೆಕ್ಕ ಬೇಕಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು; ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಬಂದವು, ಮನೆಯ ಗೋಳು ಹಾಗೇ ಉಳಿಯಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ರಾಯಚೂರು ಸೀಮೆಯವರು ಅದರ ಮುಂಚೂಣಿಯಲ್ಲಿದ್ದರು. ಅವರು ನಡೆದು ಸೇರಿದ ಊರೂ, ಹಲಗೆಯ ಮೇಲೆ ಲೋಟ ಜೋಡಿಸಿಟ್ಟ ಊರೂ ಒಂದೇ. ಬಾಳೆಹಣ್ಣಿನ ಘಮದ ಎಸ್ಟರನ್ನು ಮೆಚ್ಚುವ ಮಕ್ಕಳಿಗೆ ಈ ನಡಿಗೆಯ ಸಂಗತಿಯೂ ಮನೆಯಲ್ಲೇ ತಿಳಿಯಬೇಕು.

ರುಚಿ ನೋಡುವುದೇ ವೃತ್ತಿಯಾಗಬೇಕೆಂಬ ಆಸೆ ಇದ್ದವರಿಗೆ ಬಾರಿನ ದಾರಿಯೊಂದೇ ಇರುವುದಲ್ಲ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆಂದೇ ಒಂದು ವಿಭಾಗವಿದೆ, ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ಕೂಡ ಅಲ್ಲಿದೆ. ಅಕ್ಕಿ, ಕಾಫಿ, ಉಪ್ಪಿನಕಾಯಿ, ಬಿಸ್ಕತ್ತು ಎಲ್ಲಕ್ಕೂ ಪರೀಕ್ಷಕರು ಬೇಕು. ಅಂಥವರು ಮೊದಲು ಕಲಿಯುವುದು ನಾಲಿಗೆಯನ್ನು ಪೂರ್ತಿ ನಂಬಬಾರದೆಂದು. ಮೂಗು ಒತ್ತಿಹಿಡಿದು ಕಣ್ಣು ಮುಚ್ಚಿ ನಾಲ್ಕು ಕಾಳು ಜೀರಿಗೆ ಜಗಿದರೆ ಏನೆಂದೇ ತಿಳಿಯುವುದಿಲ್ಲ. ಮೂಗು ಬಿಟ್ಟ ಕೂಡಲೇ ಜೀರಿಗೆ ಎದ್ದು ಬರುತ್ತದೆ. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ವಾಸನೆಯೇ. ನಾಲಿಗೆಯ ತುದಿಗೆ ಸಿಹಿ, ಹಿಂದಕ್ಕೆ ಕಹಿ ಎಂದು ಹಳೆಯ ಪುಸ್ತಕಗಳು ಬರೆದ ನಕ್ಷೆಯೂ ಸುಳ್ಳು.

ಅವರ ಇನ್ನೊಂದು ಪರೀಕ್ಷೆಯನ್ನು ಮರಳಿಯ ಅಡುಗೆಮನೆಯಲ್ಲೂ ಮಾಡಬಹುದು. ಇದೂ 1940ರ ದಶಕದಲ್ಲಿ ಕಾರ್ಲ್ಸ್‌ಬರ್ಗ್ ಬಿಯರಿನವರು ಬಳಕೆಗೆ ತಂದದ್ದೇ. ಮೂರು ಬಟ್ಟಲು ಅನ್ನ: ಎರಡರಲ್ಲಿ ಹಳೆಯ ಸೋನಾ ಮಸೂರಿ, ಒಂದರಲ್ಲಿ ಈ ಸುಗ್ಗಿಯ ಹೊಸದು. ಬೇರೆಯಾದ ಬಟ್ಟಲು ಯಾವುದು? ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಆದ್ದರಿಂದ ಹತ್ತು ಸಲ ಮಾಡಬೇಕು. ಹತ್ತರಲ್ಲಿ ಏಳೋ ಅದಕ್ಕಿಂತ ಹೆಚ್ಚೋ ಬರೀ ಊಹೆಯಿಂದ ಸರಿಯಾಗುವ ಸಂಭವ ನೂರಕ್ಕೆ ಎರಡು ಮಾತ್ರ. ಅಜ್ಜಿ ಏಳು ದಾಟಿದರೆ ಅವಳ ಮಾತಿಗೆ ಗಾಸೆಟ್ ಕೂಡ ತಲೆದೂಗಬೇಕು. ಎರಡೂ ಅನ್ನ ಒಂದೇ ಹದಕ್ಕೆ ಆರಿರಲಿ, ಬಟ್ಟಲುಗಳು ಒಂದೇ ಬಣ್ಣದವಿರಲಿ, ಬಡಿಸಿದವರು ಪಕ್ಕದಲ್ಲಿ ನಿಂತು ನಗಬಾರದು.